ನೆರೆಮನೆಯಲ್ಲಿ ಬಿದ್ದ ಮರ: ದುಡಿಮೆಗೆ ಬದಲು ಮೋಪು, ಲೆಕ್ಕ ಹೇಗೆ?

ಮೇ ತಿಂಗಳ ಗಾಳಿಮಳೆಗೆ ಮರ ಬೀಳುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಬಿದ್ದ ಮರವನ್ನು ತೆಗೆಯುವವರು ಯಾರು ಅನ್ನುವುದೇ ಈಗಿನ ತಲೆನೋವು. ಮರ ಬಿದ್ದ ಮನೆಯಲ್ಲಿ ಇರುವುದು ವಯಸ್ಸಾದ ಒಬ್ಬರೋ ಇಬ್ಬರೋ, ಮಕ್ಕಳು ಬೆಂಗಳೂರಿನಲ್ಲಿ. ಆಚೆ ಮನೆಯವನಿಗೆ ಹಟ್ಟಿ ಕಟ್ಟಲು ಮರ ಬೇಕು, ಮಿಲ್ಲಿನಿಂದ ತರುವಷ್ಟು ದುಡ್ಡು ಕೈಯಲ್ಲಿಲ್ಲ. ಆಗ ಹುಟ್ಟುವ ಮಾತು: "ನೀನೇ ತೆಗೆದು ಜಾಗ ಖಾಲಿ ಮಾಡು, ಮರ ನೀನೇ ಇಟ್ಟುಕೋ."

ಕೇಳಲಿಕ್ಕೆ ಚಂದ. ಆದರೆ ಈ ಒಂದೇ ಸಾಲಿನ ಒಪ್ಪಂದದಿಂದ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತದ್ದನ್ನು ನಮ್ಮ ಊರಿನಲ್ಲಿ ಕಂಡಿದ್ದೇನೆ. ಮರ ತೆಗೆದವನು "ಒಂದು ವಾರ ಬೆನ್ನು ಮುರಿದುಕೊಂಡೆ" ಅನ್ನುತ್ತಾನೆ. ಕೊಟ್ಟವರು "ಐವತ್ತು ಸಾವಿರದ ಮರ ಪುಕ್ಕಟೆ ಹೊಡೆದ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವುದಲ್ಲ. ಇಬ್ಬರ ಹತ್ತಿರವೂ ಲೆಕ್ಕ ಇಲ್ಲ, ಅಷ್ಟೆ.

2024ರಲ್ಲಿ ನಾನು ಇಂಥ ಒಂದು ಕೆಲಸ ವಹಿಸಿಕೊಂಡೆ. ದಿನದಿನದ ಖರ್ಚು ಬರೆದಿಟ್ಟಿದ್ದೇನೆ. ಮಳೆಗಾಲದ ಮುಂಚೆ ಯಾರಿಗಾದರೂ ಉಪಯೋಗವಾದೀತು ಎಂದು ಇಲ್ಲಿ ಕೊಡುತ್ತಿದ್ದೇನೆ.

ಬಿದ್ದದ್ದು ಹಲಸು. ಕೆಳಗಿನ ಮನೆಯ ಅಕ್ಕನ ತೋಟದ ಬರೆಯ ಮೇಲಿದ್ದ ಹಳೇ ಮರ. ಮೇ 14ರ ಸಂಜೆಯ ಗಾಳಿಗೆ ಬೇರುಸಹಿತ ಮಗುಚಿ ಅಡಿಕೆ ತೋಟದ ಮೇಲೆ ಅಡ್ಡ ಬಿತ್ತು. ಹನ್ನೊಂದು ಅಡಿಕೆ ಮರ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ, ದೊಡ್ಡ ಕಣಿ ಪೂರಾ ಕಟ್ಟಿಹೋಯಿತು. ಜೂನ್ ಮೊದಲ ವಾರ ಮಳೆ ಹಿಡಿದರೆ ಆ ಕಣಿಯ ನೀರೆಲ್ಲ ತೋಟದಲ್ಲೇ ನಿಲ್ಲಬೇಕು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವವರು ದೋಟಿ, ಪೈಪು ಹಿಡಿದು ತೋಟದ ಆ ಭಾಗಕ್ಕೆ ಹೋಗುವಂತೆಯೇ ಇರಲಿಲ್ಲ. ಅಂದರೆ ಅಕ್ಕನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಮರದ ದುಡ್ಡಲ್ಲ, ಎರಡು ವಾರದೊಳಗೆ ಖಾಲಿ ತೋಟ. ಈ ವ್ಯತ್ಯಾಸ ಮುಖ್ಯ. ಕೊಡುವವರು ನಿಜಕ್ಕೂ ಕೊಂಡುಕೊಳ್ಳುವುದು ಸಮಯವನ್ನು.

ಅಕ್ಕ ಮೊದಲು ಮರದ ವ್ಯಾಪಾರಿಯೊಬ್ಬರನ್ನು ಕರೆಸಿದ್ದರು. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ತುಂಡು ಮಾಡಿ ರಸ್ತೆ ಬದಿಗೆ ತಂದು ಹಾಕಿ, ಎಲ್ಲ ಸೇರಿ 18,000 ಕೊಡುವೆ" ಅಂದರಂತೆ. ಇನ್ನೊಬ್ಬರು ಮಳೆಗಾಲ ಕಳೆದ ಮೇಲೆ ನೋಡುವ ಅಂದರು. ಮೂರನೆಯದು ನಾನು. ನನಗೆ ಹಟ್ಟಿಯ ಮಾಡಿಗೆ ಪಕ್ಕಾಸು, ಎರಡು ದಾರಂದ, ಒಂದಿಷ್ಟು ಹಲಗೆ ಬೇಕಿತ್ತು.

"ತಮ್ಮಾ, ನೀನೇ ತೆಗಿ. ಕಣಿ ಒಂದು ಬೇಗ ಬಿಡಿಸಿಕೊಡು. ನನಗೆ ಅಡಿಗೆಮನೆಗೆ ಒಂದು ಬಾಗಿಲಿಗೆ ಆಗುವಷ್ಟು ಹಲಗೆ ಕೊಟ್ಟರೆ ಸಾಕು" ಅಂದರು.

ನಾನು ಅಂದೆ, "ಆಗಲಿ ಅಕ್ಕ. ಆದರೆ ಎಲ್ಲ ಒಂದು ಕಾಗದದಲ್ಲಿ ಬರೆಯುವ. ನಿಮ್ಮ ಮಗನಿಗೂ ಫೋನ್ ಮಾಡಿ ಹೇಳಿ."

"ನಮ್ಮೊಳಗೆ ಎಂತ ಕಾಗದ?" ಅಂತ ಅವರಿಗೆ ಸ್ವಲ್ಪ ಬೇಸರವೇ ಆಯಿತು. ಮಗ ಮಾತ್ರ ಫೋನಿನಲ್ಲಿ "ಬರೆಯಿರಿ ಮಾವ, ನಾನು ಊರಿಗೆ ಬಂದಾಗ ಕೇಳುವ ಪ್ರಶ್ನೆಯೇ ಇರುವುದಿಲ್ಲ" ಅಂದ. ಪಹಣಿಯಲ್ಲಿ ತಾಯಿ ಮಗ ಇಬ್ಬರ ಹೆಸರೂ ಇದೆ. ಆದ್ದರಿಂದ ಅವನ ಒಪ್ಪಿಗೆ ಬೇಕೇ ಬೇಕಿತ್ತು. ಊರಲ್ಲಿ ಇರುವವರ ಬಾಯಿಮಾತು ಸಾಕು ಎಂದುಕೊಂಡು ಹೊರಟರೆ, ಪರವೂರಿನಲ್ಲಿರುವ ಪಾಲುದಾರ ನಾಳೆ ಬೇರೆ ಮಾತು ಆಡಿಯಾನು.

ಕಾಗದದಲ್ಲಿ ಬರೆದದ್ದು ಒಂದು ಪುಟ. ಕಣಿ ಐದು ದಿನದಲ್ಲಿ, ತೋಟ ಮೇ 28ರೊಳಗೆ ಖಾಲಿಯಾಗಬೇಕು. ತೋಳಿಗಿಂತ ಸಪೂರದ ಗೆಲ್ಲೆಲ್ಲ ಅಕ್ಕನಿಗೆ, ಅದನ್ನು ಬಚ್ಚಲ ಒಲೆಯ ಅಳತೆಗೆ ಕಡಿದು ಕಟ್ಟಿಗೆ ಕೊಟ್ಟಿಗೆಯಲ್ಲಿ ಒಟ್ಟಿಕೊಡುವುದು ನನ್ನ ಕೆಲಸ. ಸೊಪ್ಪು ಅವರ ಗೊಬ್ಬರದ ಗುಂಡಿಗೆ. ಬೇರಿನ ಗಡ್ಡೆ ಅಲ್ಲೇ ಇರುವುದು, ಅದನ್ನು ತೆಗೆಯುವ ಜವಾಬ್ದಾರಿ ನನ್ನದಲ್ಲ. ಕೆಲಸದಲ್ಲಿ ಯಾರಿಗಾದರೂ ಪೆಟ್ಟಾದರೆ ಆ ಖರ್ಚು ನನ್ನದು. ದಿಮ್ಮಿ ಎಳೆಯುವಾಗ ಹೊಸದಾಗಿ ಒಂದು ಫಸಲಿನ ಅಡಿಕೆ ಮರ ಮುರಿದರೆ ನಾನು ಹತ್ತು ಕಿಲೊ ಚಾಲಿ ಕೊಡಬೇಕು. ಮರಕ್ಕೆ ವರ್ಷಕ್ಕೆ ಎರಡು ಕಿಲೊ, ಹೊಸ ಗಿಡ ಫಸಲಿಗೆ ಬರುವವರೆಗೆ ಐದು ವರ್ಷ, ಹಾಗೆ ಹಾಕಿದ ಲೆಕ್ಕ. ದುಡ್ಡಿನಲ್ಲಿ ಬರೆದರೆ ಅಡಿಕೆ ದರ ಏರಿಳಿದಾಗ ತಕರಾರು ಬರುತ್ತದೆ. ಅಡಿಕೆಯಲ್ಲೇ ಬರೆದರೆ ಬರುವುದಿಲ್ಲ.

ಈ ಕೊನೆಯ ಷರತ್ತಿನಿಂದ ಆದ ಉಪಕಾರ ಹೇಳಲೇಬೇಕು. ಮಿಷನಿನವನು ದಿಮ್ಮಿಯನ್ನು ನೇರ ಎಳೆದರೆ ಅರ್ಧ ದಿನದ ಕೆಲಸ ಅಂದಿದ್ದ. ಹತ್ತು ಕಿಲೊ ಚಾಲಿಯ ಸುದ್ದಿ ಹೇಳಿದ ಮೇಲೆ ಸಾಲಿನ ನಡುವೆಯೇ ಸುತ್ತು ಹಾಕಿ ತಂದೆವು. ಒಂದು ದಿನ ಹೆಚ್ಚು ಹಿಡಿಯಿತು, ಒಂದು ಮರವೂ ಮುರಿಯಲಿಲ್ಲ.

ಮೊದಲು ಕಚೇರಿ, ಆಮೇಲೆ ಗರಗಸ

ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯಿದೆ ಇದೆ. ಸ್ವಂತ ಜಾಗದ ಮರವಾದರೂ ಹಲವು ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಸಾಗಿಸಲು ರಹದಾರಿ ಬೇಕಾಗುವ ಜಾತಿಗಳೂ ಇವೆ. ಗಾಳಿಗೆ ಬಿದ್ದದ್ದು ತಾನೇ ಎಂದು ಸುಮ್ಮನೆ ಟ್ರಾಕ್ಟರಿಗೆ ಹಾಕಿದರೆ, ದಾರಿಯಲ್ಲಿ ತಡೆದವರಿಗೆ ಅದು ಬಿದ್ದದ್ದೋ ಕಡಿದದ್ದೋ ಹೇಗೆ ಗೊತ್ತಾಗಬೇಕು? ಯಾವ ಜಾತಿಗೆ ವಿನಾಯಿತಿ ಎಂಬ ಪಟ್ಟಿಗೆ ಆಗಾಗ ತಿದ್ದುಪಡಿಯಾಗುತ್ತದೆ. ಆದ್ದರಿಂದ ಹಳೇ ನೆನಪಿನ ಮೇಲೆ ಹೋಗದೆ ವಲಯ ಅರಣ್ಯ ಕಚೇರಿಯಲ್ಲೇ ಕೇಳಿ. ಅರ್ಜಿ ಮರದ ಯಜಮಾನರ ಹೆಸರಿನಲ್ಲಿ ಇರಲಿ, ಜೊತೆಗೆ ಪಹಣಿ, ಬಿದ್ದ ಮರದ ಬೇರು ಕಾಣುವಂಥ ಫೋಟೋ. ಅಕ್ಕನ ಹೆಸರಿನಲ್ಲಿ ಅರ್ಜಿ ಬರೆದು ನಾನೇ ಕೊಟ್ಟು ಬಂದೆ. ಅವರು ಬಂದು ನೋಡಿ ಹೋದ ಮೇಲೆಯೇ ದಿಮ್ಮಿ ತೋಟದಿಂದ ಹೊರಟದ್ದು. ಕಣಿಯ ಮೇಲಿದ್ದ ಗೆಲ್ಲುಗಳನ್ನು ಮಾತ್ರ ಅದಕ್ಕೆ ಮೊದಲೇ ಬಿಡಿಸಿದ್ದೆವು.

ಕುಮ್ಕಿ ಜಾಗದಲ್ಲಿ ಬಿದ್ದ ಮರದ ವಿಷಯದಲ್ಲಿ ಇಂಥ ಒಪ್ಪಂದಕ್ಕೆ ಹೋಗಲೇಬೇಡಿ. ಕುಮ್ಕಿ ಸರಕಾರಿ ಜಾಗ. ನೆರೆಯವರಿಗೆ ಅಲ್ಲಿ ಕೆಲವು ಸವಲತ್ತು ಉಂಟು, ಮೋಪನ್ನು ಇನ್ನೊಬ್ಬರಿಗೆ ಕೊಡುವ ಹಕ್ಕಿಲ್ಲ. ಬೀಟೆ, ಶ್ರೀಗಂಧ ಬಿದ್ದರೆ ಇಲಾಖೆಗೆ ಹೇಳುವವರೆಗೆ ಮುಟ್ಟಬಾರದು. ಗಡಿಯ ಅಗಳಿನ ಮೇಲಿನ ಮರವಾದರೆ ಆಚೆಯವರನ್ನೂ ಕರೆದು ಬುಡ ಯಾರ ಕಡೆ ಎಂದು ತೋರಿಸಿಕೊಂಡೇ ಕೈ ಹಾಕಿ. ಕರೆಂಟಿನ ತಂತಿಗೆ ತಾಗಿದ್ದರಂತೂ ಮೆಸ್ಕಾಂನವರು ಬಂದು ಲೈನು ತೆಗೆಯುವವರೆಗೆ ಹತ್ತಿರವೂ ಹೋಗಬೇಡಿ.

ಬಿದ್ದ ಮರ ನಿಂತ ಮರಕ್ಕಿಂತ ಮೋಸದ್ದು

ನಿಂತ ಮರ ಕಡಿಯುವವನಿಗೆ ಅದು ಯಾವ ಕಡೆ ಬೀಳುತ್ತದೆ ಎಂಬುದೊಂದೇ ಚಿಂತೆ. ಬಿದ್ದ ಮರದಲ್ಲಿ ಪ್ರತಿ ಗೆಲ್ಲೂ ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಎಲ್ಲಿ ಎಳೆತ, ಎಲ್ಲಿ ಒತ್ತಡ ಎಂದು ತಿಳಿಯದೆ ಮಿಷನು ಇಟ್ಟರೆ ಬಡಿಯುವುದು ಎದೆಗೇ.

ನಮ್ಮ ಮಿಷನಿನವನು ಅನುಭವಸ್ಥ. ಅವನು ಮಾಡಿದ ಕ್ರಮ ಹೀಗೆ. ದಿಮ್ಮಿಯ ಎರಡು ತುದಿಯೂ ಆಧಾರದ ಮೇಲಿದ್ದು ನಡುವೆ ನೆಲಕ್ಕೆ ತಾಗದಿದ್ದರೆ, ಮೇಲಿನ ಬದಿ ಒತ್ತಿಕೊಂಡಿರುತ್ತದೆ, ಅಡಿಯ ಬದಿ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದು, ಉಳಿದದ್ದನ್ನು ಅಡಿಯಿಂದ ಮೇಲಕ್ಕೆ ಕೊಯ್ದು ಬಿಡಿಸಬೇಕು. ಒಂದೇ ತುದಿ ಆಧಾರದಲ್ಲಿದ್ದು ಇನ್ನೊಂದು ಗಾಳಿಯಲ್ಲಿ ನಿಂತಿದ್ದರೆ ಇದರ ಉಲ್ಟಾ: ಮೊದಲು ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ನೆಲಕ್ಕೆ ಊರಿಕೊಂಡು ಮರವನ್ನೇ ಹೊತ್ತಿರುವ ಗೆಲ್ಲುಗಳನ್ನು ಕಟ್ಟಕಡೆಗೆ ಮುಟ್ಟುವುದು.

ಎಲ್ಲಕ್ಕಿಂತ ಅಪಾಯದ್ದು ಬೇರಿನ ಗಡ್ಡೆ. ಕಾಂಡದ ಭಾರ ಅದನ್ನು ಎತ್ತಿ ಹಿಡಿದಿರುತ್ತದೆ. ಕಾಂಡ ಕೊಯ್ದು ಬಿಡಿಸಿದ ಗಳಿಗೆಯಲ್ಲಿ ಗಡ್ಡೆ ವಾಪಸು ಗುಂಡಿಗೆ ಕೂತುಬಿಡಬಹುದು. ಆ ಗುಂಡಿಯಲ್ಲಿ ಮಕ್ಕಳು, ನಾಯಿ, ನೋಡಲಿಕ್ಕೆ ಬಂದವರು ಯಾರೂ ಇರಬಾರದು. ನಮ್ಮಲ್ಲಿ ಗಡ್ಡೆಗೆ ಎರಡು ಕಡೆ ಕಂಬದ ಊರೆ ಕೊಟ್ಟು, ಬುಡದಲ್ಲಿ ಎರಡಡಿ ಕಾಂಡ ಬಿಟ್ಟೇ ಕೊಯ್ದದ್ದು. ಆದರೂ ಅದು ಅರ್ಧಕ್ಕೆ ಹಿಂದೆ ವಾಲಿತು.

ಆಳುಗಳಿಗೆ ಪೆಟ್ಟಾದರೆ ಖರ್ಚು ನನ್ನದು ಎಂದು ಬರೆದುಕೊಟ್ಟಿದ್ದೆನಲ್ಲ, ಅದಕ್ಕಾಗಿ ಮೊದಲೇ ವಿಚಾರಿಸಿದ್ದೆ. ಇಬ್ಬರಲ್ಲಿ ಒಬ್ಬರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇತ್ತು, ಇನ್ನೊಬ್ಬರಿಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ. ಆಸ್ಪತ್ರೆ ಖರ್ಚಿಗೆ ಅದು ಬರುವುದಿಲ್ಲ ಎಂಬುದೂ ನೆನಪಿರಲಿ.

ಹಲಸಿನ ಮೇಣ ಗರಗಸದ ಚೈನಿಗೆ ಅಂಟಿ ಹೈರಾಣು ಮಾಡುತ್ತದೆ. ಆಗಾಗ ಸೀಮೆಎಣ್ಣೆಯಲ್ಲೋ ತೆಂಗಿನೆಣ್ಣೆಯಲ್ಲೋ ಒರೆಸುತ್ತಿರಬೇಕು. ಮರದ ಮೇಲೆ ಒಳ್ಳೆಯ ಮೆಣಸಿನ ಬಳ್ಳಿ ಇತ್ತು. ಅದರ ಹಬ್ಬು ಬಳ್ಳಿಗಳನ್ನು ಅಕ್ಕ ಮೊದಲ ದಿನವೇ ಕತ್ತರಿಸಿ ತೊಟ್ಟೆಯಲ್ಲಿ ನೆಟ್ಟುಬಿಟ್ಟಿದ್ದರು. ಬೆಳೆದ ಕಾಯಿಗಳು ಅರುವತ್ತರ ಮೇಲೆ ಇದ್ದವು. ಮೂರು ಮನೆಯ ಹೆಂಗಸರು ಸೇರಿ ಮೋಡದ ಜೊತೆ ಜಗಳವಾಡಿಕೊಂಡೇ ಹಪ್ಪಳ ಒಣಗಿಸಿದರು. ಈ ಲೆಕ್ಕದಲ್ಲಿ ಹಪ್ಪಳ ಸೇರಿಲ್ಲ.

ಅಳೆಯುವುದು

ದಿಮ್ಮಿಯ ಉದ್ದ ಎಷ್ಟಿರಬೇಕು ಎಂದು ಮಿಷನಿನವನು ತೀರ್ಮಾನಿಸಬಾರದು, ಆಚಾರಿ ತೀರ್ಮಾನಿಸಬೇಕು. ಏಳಡಿಯ ದಾರಂದಕ್ಕೆ ಆರೂವರೆ ಅಡಿಯ ತುಂಡು ತಂದರೆ ಅದು ಮಣೆಗೇ ಸರಿ. ನಮ್ಮ ಆಚಾರಿಯನ್ನು ತೋಟಕ್ಕೇ ಕರೆದು ಸುಣ್ಣದ ಗುರುತು ಹಾಕಿಸಿದೆ. ತುದಿ ಬಿರಿಯುವುದಕ್ಕೆಂದು ಮೂರು ನಾಲ್ಕು ಇಂಚು ಹೆಚ್ಚು ಬಿಟ್ಟೆವು. ಕೊಯ್ದ ದಿನವೇ ಎರಡೂ ತುದಿಗೆ ಹಳೇ ಪೈಂಟು ಬಳಿದೆವು.

ದಿಮ್ಮಿ ಅಳೆಯಲು ಮಿಲ್ಲಿನವರ ಕ್ರಮ ಇದು. ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದನ್ನು ಅಡಿಯಲ್ಲಿರುವ ಉದ್ದದಿಂದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ನಮ್ಮ ಬುಡದ ದಿಮ್ಮಿ ಸುತ್ತಳತೆ 84 ಇಂಚು, ಉದ್ದ 9 ಅಡಿ. 84ರ ಕಾಲು ಪಾಲು 21. 21 ಗುಣಿಸು 21 ಅಂದರೆ 441. ಅದು ಗುಣಿಸು 9, ಭಾಗಿಸು 144, ಸುಮಾರು 27.5 ಘನ ಅಡಿ. ಎರಡನೆಯದು 72 ಇಂಚು, 8 ಅಡಿ: 18 ಘನ ಅಡಿ. ದೊಡ್ಡ ಗೆಲ್ಲಿನವು ಎರಡು, 10 ಮತ್ತು 6. ಒಟ್ಟು 61.5.

ಒಂದು ಗುಟ್ಟು ಗೊತ್ತಿರಲಿ. ಈ ಕಾಲು ಸುತ್ತಳತೆಯ ಲೆಕ್ಕದಲ್ಲಿ ದಿಮ್ಮಿಯ ನಿಜವಾದ ಗಾತ್ರದ ನೂರಕ್ಕೆ 78ರಷ್ಟು ಮಾತ್ರ ಬರುತ್ತದೆ. ಉಳಿದದ್ದು ಸಿಪ್ಪೆ, ಹೊಟ್ಟು, ಬದಿಯ ಹಲಗೆ ಎಂದು ಬಿಟ್ಟ ಲೆಕ್ಕ. ಕೊಂಡುಕೊಳ್ಳುವವನಿಗೆ ಒಳ್ಳೆಯದೇ. ಆದರೆ ಮರ ಕೊಡುವವರಿಗೆ ಇದು ತಿಳಿದಿರಬೇಕು. ಅಕ್ಕನ ಎದುರಿಗೇ ಅಳೆದು, ಇದನ್ನೂ ಹೇಳಿ, ಅವರ ಪುಸ್ತಕದಲ್ಲೂ ಬರೆದೆ.

ಬುಡದ ದಿಮ್ಮಿ ಒಂದೇ ಒಂದು ಟನ್ನಿನ ಹತ್ತಿರ. ಬರೆ ಮೇಲಿನ ಸಾಗುವಾನಿ ಬುಡಕ್ಕೆ ಗೋಣಿ ಸುತ್ತಿ ಅದಕ್ಕೆ ಚೈನ್ ಬ್ಲಾಕ್ ಕಟ್ಟಿದೆವು. ಮುರಿದುಬಿದ್ದ ಅಡಿಕೆ ಮರಗಳನ್ನೇ ತುಂಡು ಮಾಡಿ ಅಡಿಗೆ ಉರುಳು ಕೊಟ್ಟೆವು. ಬಿಗಿದ ತಂತಿಹಗ್ಗದ ಪಕ್ಕ ಯಾರೂ ನಿಲ್ಲಬಾರದು ಅನ್ನುವುದನ್ನು ಗಂಟೆಗೊಮ್ಮೆ ಹೇಳಬೇಕಾಯಿತು.

ಮನೆ ಹತ್ತಿರದ ಮರದಲ್ಲಿ ಹಳೇ ಮೊಳೆ, ಬಟ್ಟೆ ಹಗ್ಗದ ಕೊಂಡಿ ಇದ್ದೇ ಇರುತ್ತದೆ. ಮಿಲ್ಲಿಗೆ ಒಯ್ಯುವ ಮೊದಲು ಹುಡುಕಿ ಕೀಳಿ. ಬ್ಲೇಡು ಹಾಳಾದರೆ ಅದರ ಕ್ರಯ ನಿಮ್ಮ ಬಿಲ್ಲಿಗೆ ಸೇರುತ್ತದೆ.

ಖರ್ಚಿನ ಪುಸ್ತಕ

ಮಿಷನಿನವನಿಗೆ ನಾಲ್ಕು ದಿನ, ದಿನಕ್ಕೆ 2,000ದಂತೆ 8,000. ಇಬ್ಬರು ಆಳು ಆರು ದಿನ, 750ರಂತೆ 9,000. ನಾನು ಮತ್ತು ಮಗ ಆರು ದಿನ ದುಡಿದೆವು. ಅದಕ್ಕೂ ಅದೇ ಸಂಬಳ ಹಿಡಿದರೆ ಇನ್ನೊಂದು 9,000. ಸ್ವಂತ ದುಡಿಮೆಯನ್ನು ಸೊನ್ನೆ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಹೋಗಬೇಕು. ಅದರಿಂದಲೇ ಅಡಿಕೆಯಲ್ಲಿ ಲಾಭ ಉಂಟು ಅಂತ ನಮಗೆ ಕಾಣುವುದು! ಚೈನ್ ಬ್ಲಾಕ್, ಹಗ್ಗದ ಬಾಡಿಗೆ 1,200. ಇಲ್ಲಿಗೆ 27,200. ಟ್ರಾಕ್ಟರು ಎರಡು ಟ್ರಿಪ್ಪಿಗೆ 3,600, ಮಿಲ್ಲಿನ ಕೊಯ್ಲು 4,300. ಒಟ್ಟು 35,100 ರೂಪಾಯಿ.

ಬುಡದಲ್ಲಿ ಸ್ವಲ್ಪ ಟೊಳ್ಳಿತ್ತು. ಹೊರಗಿನ ಬಿಳಿ ಭಾಗ ಬಿಟ್ಟು ಚೇಗು ಮಾತ್ರ ಸೈಸು ಮಾಡಿಸಿದಾಗ ಸಿಕ್ಕಿದ್ದು 34 ಘನ ಅಡಿ. ಅಂದರೆ ನನಗೆ ಘನ ಅಡಿಗೆ 1,030ರಷ್ಟು ಬಿತ್ತು. ಆಗ ನಾನು ವಿಚಾರಿಸಿದ ಎರಡು ಮಿಲ್ಲುಗಳಲ್ಲಿ ಸೈಸಿನ ಹಲಸಿಗೆ 1,400 ಮತ್ತು 1,600 ಹೇಳಿದ್ದರು. 1,500 ಎಂದು ಹಿಡಿದರೆ ಮರದ ಬೆಲೆ 51,000. ನನಗೆ ಉಳಿದದ್ದು 15,900.

ಈಗ ಅಕ್ಕನ ಕಡೆಯಿಂದ ನೋಡುವ. ವ್ಯಾಪಾರಿಗೆ ಕೊಟ್ಟಿದ್ದರೆ 18,000 ಬರುತ್ತಿತ್ತು. ತುಂಡು ಮಾಡಿ ರಸ್ತೆಗೆ ತರಲು ಅವರ ಕೈಯಿಂದ 27,200 ಹೋಗುತ್ತಿತ್ತು. ಮರವೂ ಹೋಗಿ ಮೇಲಿಂದ 9,200 ಕೈಬಿಡುತ್ತಿತ್ತು. ಅಂದರೆ ನಮ್ಮ ಒಪ್ಪಂದದಲ್ಲಿ ಅವರಿಗೆ ಉಳಿತಾಯ 9,200.

ಇಷ್ಟಕ್ಕೇ ಬಿಟ್ಟರೆ ನನ್ನ ಪಾಲು ಹೆಚ್ಚಾಯಿತು. ಆದರೆ ಅಕ್ಕ ಮೊದಲ ದಿನವೇ ಕೇಳಿದ್ದರಲ್ಲ, ಒಂದು ಬಾಗಿಲಿನ ಹಲಗೆ. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಇಂಚು ದಪ್ಪ: ಸುಮಾರು 2.4 ಘನ ಅಡಿ, ಬೆಲೆ 3,650. ಅದನ್ನು ನನ್ನಿಂದ ಕಳೆದು ಅವರಿಗೆ ಕೂಡಿಸಿದರೆ ನನಗೆ 12,250, ಅವರಿಗೆ 12,850. ಕಾಗದ ಪೆನ್ನು ಹಿಡಿಯದೆ ಅವರು ಹೇಳಿದ್ದ ಮಾತು ಆರು ನೂರು ರೂಪಾಯಿಯ ಅಂತರಕ್ಕೆ ಬಂದು ನಿಂತಿತ್ತು. ಪುಸ್ತಕ ತೋರಿಸಿದಾಗ ಅಕ್ಕ ನಕ್ಕು, "ಆ ಆರು ನೂರಕ್ಕೆ ನಿನಗೆ ಹಪ್ಪಳ ಕೊಟ್ಟಾಯಿತು" ಅಂದರು.

ಘಟ್ಟದ ಮೇಲಿನವರು ಮುಯ್ಯಾಳು ಎನ್ನುವ ಪದ್ಧತಿಯಲ್ಲಿ ಆಳಿಗೆ ಆಳು ತೀರುತ್ತದೆ, ಲೆಕ್ಕ ಸುಲಭ. ಆಳಿಗೆ ಮರ ಎಂದಾಗ ಮರದ ಜಾತಿ ನೋಡಬೇಕಾಗುತ್ತದೆ. ಹಲಸು, ಹೆಬ್ಬಲಸಿನ ಚೇಗಿಗೆ ಗೆದ್ದಲು ಅಷ್ಟಾಗಿ ಹತ್ತುವುದಿಲ್ಲ, ದುಡಿದದ್ದಕ್ಕೆ ಬೆಲೆ ಬರುತ್ತದೆ. ಮಾವಿನಲ್ಲಿ ಬಾಳಿಕೆ ಇಲ್ಲ, ಕೊಯ್ದು ಹಾಗೇ ಬಿಟ್ಟರೆ ಬೇಗ ಹುಳ ಹತ್ತಿ ಹಿಟ್ಟಾಗುತ್ತದೆ. ರಬ್ಬರು ಮರವನ್ನು ಕೊಯ್ದ ಕೂಡಲೇ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದ ಉಪಚಾರಕ್ಕೆ ಕಳಿಸದಿದ್ದರೆ ಕಟ್ಟಿಗೆಯೇ ಗತಿ. ಇಂಥ ಮರವಾದರೆ "ಮರ ನನಗೆ ಬೇಡ, ಸಂಬಳ ಕೊಡಿ" ಎಂದು ಬಾಯಿಬಿಟ್ಟು ಹೇಳುವುದೇ ಒಳ್ಳೆಯದು. ಹಳೇ ತೆಂಗಿನ ಮರವಾದರೆ ಬುಡದ ಹೊರಭಾಗ ಪಕ್ಕಾಸಿಗೆ ಗಟ್ಟಿ, ನಡುವಿನದು ಮೆತ್ತಗೆ. ಸಿಗುವ ಮರ ಕಡಿಮೆ, ಅದರಂತೆ ಕೆಲಸವನ್ನೂ ಕಡಿಮೆ ಒಪ್ಪಿಕೊಳ್ಳಿ.

ಕಣಿ ನಾಲ್ಕನೇ ದಿನ ಬಿಡಿಸಿದೆವು, ತೋಟ ಮೇ 27ಕ್ಕೆ ಖಾಲಿಯಾಯಿತು. ಅಕ್ಕನ ತೋಟದ ಮೊದಲ ಸಿಂಪರಣೆ ಜೂನ್ 2ಕ್ಕೆ ಮುಗಿಯಿತು. ಸೈಸುಗಳನ್ನು ಹಟ್ಟಿಯ ಪಕ್ಕದ ಚಾವಡಿಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಅಟ್ಟಿ ಇಟ್ಟೆ. ಪ್ರತಿ ಸಾಲಿನ ನಡುವೆ ಒಂದಿಂಚಿನ ರೀಪಿನ ತುಂಡು, ಮೇಲೆ ಭಾರಕ್ಕೆ ಕಲ್ಲು. ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು. ಪಕ್ಕಾಸುಗಳನ್ನು 2025ರ ಫೆಬ್ರವರಿಯಲ್ಲಿ ಏರಿಸಿದೆ. ಬಾಗಿಲಿನ ಹಲಗೆ ಮಾತ್ರ ಇನ್ನೊಂದು ಬೇಸಗೆ ಕಾಣಲಿ ಎಂದು ಆಚಾರಿ ತಡೆದರು. ಅಲ್ಲಿಯವರೆಗೆ ಅದು ಅಕ್ಕನ ಅಟ್ಟದಲ್ಲೇ, ಅವರ ಹೆಸರು ಬರೆದುಕೊಂಡು ಇತ್ತು.